ಗುಜರಿ ಕಾರಿಗೆ ಮದುವಣಗಿತ್ತಿಯ ಶೃಂಗಾರ

ಒಳಗಿನ ಕನ್ನಡಿಯಿಂದ ಇಳಿಬಿದ್ದ ಎರಡು ಮೆತ್ತನೆಯ ದಾಳಗಳು. ಗೇರ್ ಕಡ್ಡಿಯ ತುದಿಯಲ್ಲಿ ಹಲ್ಲು ಕಿಸಿದ ತಲೆಬುರುಡೆ. ಮೂತಿಯಿಂದ ಬಾಗಿಲವರೆಗೆ ನಾಲಿಗೆ ಚಾಚಿದ ಬೆಂಕಿಯ ಚಿತ್ರ. ಇದೇನು ಸರ್ಕಸ್ ಕಂಪನಿಯ ಗಾಡಿಯೇ? ಅಲ್ಲ. 1950ರ ದಶಕದಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಕ್ಕರೆಯಿಂದ ಸಿಂಗರಿಸಿದ ಕಾರು!

‘ಹಾಟ್ ರಾಡ್’ ಎಂದೇ ಇವು ಹೆಸರಾದವು. ಹೊಸ ಕಾರಿಗೆ ಕಾಸಿಲ್ಲದ ಹುಡುಗರಿಗೆ ಹಳೆಯ ಫೋರ್ಡ್ ಕಾರುಗಳು ಅಗ್ಗಕ್ಕೆ ಸಿಗುತ್ತಿದ್ದವು. 1908ರಿಂದ 1927ರವರೆಗೆ ತಯಾರಾದ ‘ಮಾಡೆಲ್ ಟಿ’ ಕಾರುಗಳೇ ಸುಮಾರು 1.5 ಕೋಟಿ. 1932ರಲ್ಲಿ ಅದೇ ಕಂಪನಿ ಎಂಟು ಸಿಲಿಂಡರಿನ ‘ವಿ-8’ ಎಂಜಿನ್ನನ್ನು ಸಾಮಾನ್ಯರ ಕೈಗೆಟುಕಿಸಿತು. ಮಡ್‌ಗಾರ್ಡ್ ಕಳಚಿ ಭಾರ ಇಳಿಸುವುದು, ಎಂಜಿನ್ನಿನ ಶಕ್ತಿ ಏರಿಸುವುದು, ಮುರಾಕ್, ಎಲ್ ಮಿರಾಜ್‌ನಂಥ ಬತ್ತಿದ ಕೆರೆಗಳ ಬಯಲಿನಲ್ಲಿ ಓಡಿಸಿ ನೋಡುವುದು ಎರಡನೆಯ ಮಹಾಯುದ್ಧಕ್ಕೆ ಮುಂಚಿನಿಂದಲೇ ಇದ್ದ ಹುಚ್ಚು. ಯುದ್ಧದಿಂದ ಮರಳಿದ ಯುವ ಸೈನಿಕರು ಸೇನೆಯಲ್ಲಿ ಕಲಿತ ಯಂತ್ರವಿದ್ಯೆಯನ್ನೂ ಇದಕ್ಕೆ ಬಳಸಿಕೊಂಡರು.

ಕುಂದು ಮುಚ್ಚಿದ ಗೆರೆ

ಕೆಲವರಿಗೆ ವೇಗಕ್ಕಿಂತ ಅಂದವೇ ಹೆಚ್ಚಾಯಿತು. ಕಾರಿನ ಮಾಡನ್ನು ಕತ್ತರಿಸಿ ತಗ್ಗಿಸಿದರು. ಹೊಳೆಯುವ ಪಟ್ಟಿ, ಬಾಗಿಲ ಹಿಡಿ ಕಿತ್ತು, ಉಳಿದ ತೂತುಗಳಿಗೆ ಕರಗಿದ ಸೀಸ ತುಂಬಿ ಉಜ್ಜಿದರು. ಉಜ್ಜಿದ ಜಾಗದಲ್ಲಿ ಗೀರು ಉಳಿಯುತ್ತಿತ್ತು. ಅದನ್ನು ಮರೆಮಾಚುವುದು ಹೇಗೆ? ಮೇಲೊಂದು ಬಣ್ಣದ ಗೆರೆ ಎಳೆದರಾಯಿತು!

ಕುದುರೆ ಸಾರೋಟಿನ ಕಾಲದಿಂದಲೂ ಇದ್ದ ಈ ಗೆರೆಗಾರಿಕೆಗೆ ಹೊಸ ಜೀವ ಕೊಟ್ಟವರಲ್ಲಿ ಕೆನೆತ್ ಹೋವರ್ಡ್ ಪ್ರಮುಖ. ‘ವಾನ್ ಡಚ್’ ಎಂದೇ ಪ್ರಸಿದ್ಧನಾದ ಈತ (1929-1992) ಬೋರ್ಡ್ ಬರೆಯುವವರ ಮಗ. ಕುಂಚ ಹಿಡಿಯುವುದು ಮನೆಯಲ್ಲೇ ಬಂದ ವಿದ್ಯೆ. ಈ ಕೆಲಸದ ಕುಂಚಕ್ಕೆ ಹಿಡಿ ಗಿಡ್ಡ, ಅಳಿಲ ಕೂದಲಿನ ಎಳೆ ಕತ್ತಿಯಂತೆ ಉದ್ದ. ಒಮ್ಮೆ ತುಂಬಿದ ಬಣ್ಣ ತೆಗೆಯದೆ ದೂರ ಸಾಗಬೇಕು. ನಡುವಿನ ಗೆರೆಯ ಎಡಕ್ಕೆ ಎಳೆದ ಬಳ್ಳಿ ಬಲಕ್ಕೂ ಹಾಗೇ ಬರಬೇಕು. ರಂಗೋಲಿಯಂತೆ, ನೋಡಲು ಸುಲಭ. ಎಳೆಯಲು ಕೂತಾಗಲೇ ಕಷ್ಟ ತಿಳಿಯುವುದು.

ಬಣ್ಣದಲ್ಲೂ ವಿಜ್ಞಾನವಿತ್ತು. ಜೋ ಬೈಲನ್ ಹೆಸರಿನೊಂದಿಗೆ ಬೆಸೆದ ‘ಕ್ಯಾಂಡಿ ಆ್ಯಪಲ್’ ಕೆಂಪನ್ನೇ ನೋಡಿ. ಮೊದಲು ಬೆಳ್ಳಿ ಇಲ್ಲವೇ ಚಿನ್ನದ ಬಣ್ಣ, ಅದರ ಮೇಲೆ ಪಾರದರ್ಶಕ ಕೆಂಪಿನ ಹಲವು ಪದರ. ಬೆಳಕು ಕೆಂಪನ್ನು ದಾಟಿ ಒಳಗಿನ ಲೋಹದ ಹೊಳಪಿಗೆ ಬಡಿದು ಮರಳುವುದರಿಂದ ಕಾರು ಸಕ್ಕರೆ ಪಾಕದಲ್ಲಿ ಅದ್ದಿದ ಹಣ್ಣಿನಂತೆ ಕಾಣುತ್ತದೆ.

ಗಾಲಿಗೆ ಹಾಕುವ ನುಣುಪಾದ ಅಲ್ಯೂಮಿನಿಯಂ ತಟ್ಟೆಯೂ ಮೊದಲು ಅಲಂಕಾರವಾಗಿರಲಿಲ್ಲ. ಬಯಲಿನ ಓಟದಲ್ಲಿ ಗಾಳಿಯ ತಡೆ ಕಡಿಮೆ ಮಾಡಲು ಅದು ಬೇಕಿತ್ತು. ಡೀನ್ ಮೂನ್ ಅವರ ಕಂಪನಿ ಜನಪ್ರಿಯಗೊಳಿಸಿದ ‘ಮೂನ್ ಡಿಸ್ಕ್’ ಮುಂದೆ ಪೇಟೆ ಸುತ್ತುವ ಕಾರಿಗೂ ಬಂತು. ಕನ್ನಡಿಯ ದಾಳಗಳಿಗೆ ಯುದ್ಧವಿಮಾನದ ಪೈಲಟ್‌ಗಳ ಅದೃಷ್ಟದ ನಂಬಿಕೆಯೇ ಮೂಲ ಎಂಬ ಪ್ರತೀತಿ ಇದೆ. ಆದರೆ ನೋಟಕ್ಕೆ ಅಡ್ಡವಾಗುವ ವಸ್ತುವನ್ನು ಕಾರಿನಲ್ಲಿ ತೂಗುಹಾಕಲು ಕ್ಯಾಲಿಫೋರ್ನಿಯಾದ ಕಾನೂನೇ ಒಪ್ಪುವುದಿಲ್ಲ.

ಹೆತ್ತವರ ಆತಂಕ

ಮಗ ರಾತ್ರಿ ಕಾರು ತೆಗೆದರೆ ಅಲ್ಲಿನ ತಂದೆತಾಯಿಗೂ ಎದೆ ಢವಢವ. ಬೀದಿಯಲ್ಲೇ ಪಂದ್ಯ ನಡೆಯುತ್ತಿತ್ತು, ಜೀವಕ್ಕೇ ಅಪಾಯವಿತ್ತು. ಬೈದು ಕೂಡಿಹಾಕಿದರೆ ಹುಚ್ಚು ಬಿಡುವುದೇ? ತಿಳಿದವರು ಬೇರೆ ದಾರಿ ಹುಡುಕಿದರು. 1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾರುಗಳ ಪ್ರದರ್ಶನ ಏರ್ಪಟ್ಟಿತು. ರಾಬರ್ಟ್ ಪೀಟರ್ಸನ್ ಅವರ ‘ಹಾಟ್ ರಾಡ್’ ಮಾಸಪತ್ರಿಕೆ ಹುಟ್ಟಿದ್ದೂ ಆಗಲೇ. 1951ರಲ್ಲಿ ವಾಲಿ ಪಾರ್ಕ್ಸ್ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. 1953ರಲ್ಲಿ ಪೊಮೋನಾದ ಜಾತ್ರೆ ಮೈದಾನದಲ್ಲಿ ಸಂಘದ ಮೊದಲ ಅಧಿಕೃತ ಪಂದ್ಯ ನಡೆಯಿತು. ಹಿಂಬದಿ ಗಾಜಿನೊಳಗೆ ತೂಗುವ ಅಲ್ಯೂಮಿನಿಯಂ ಫಲಕ ‘ನಾನು ಇಂಥ ಕ್ಲಬ್ಬಿನವನು’ ಎಂದು ಸಾರುತ್ತಿತ್ತು. ಹೆಸರು ಹೊತ್ತು ತಿರುಗುವವನಿಗೆ ಆ ಹೆಸರು ಉಳಿಸುವ ಹೊಣೆಯೂ ಉಂಟಲ್ಲ!

1960ರ ದಶಕದಲ್ಲಿ ಎಡ್ ರಾತ್ ಅವರ ವಿಚಿತ್ರ ಕಾರುಗಳು ಪ್ಲಾಸ್ಟಿಕ್ ಮಾದರಿಗಳಾಗಿ ಮಕ್ಕಳ ಮೇಜಿಗೂ ಬಂದವು. ಅಷ್ಟರಲ್ಲಿ ದೊಡ್ಡ ಕಾರ್ಖಾನೆಗಳೇ ವೇಗದ ಕಾರುಗಳನ್ನು ಮಾರತೊಡಗಿದವು. ಸ್ವತಃ ದುಡಿದು ಕಟ್ಟುವ ಅಗತ್ಯ ತಗ್ಗಿತು. 1973ರ ‘ಅಮೆರಿಕನ್ ಗ್ರಫೀಟಿ’ ಚಲನಚಿತ್ರ ಬರುವ ಹೊತ್ತಿಗೆ 1932ರ ಫೋರ್ಡ್ ಕಾರು ಹಳೆಯ ನೆನಪಾಗಿತ್ತು. ಇಂದು ದಾಳವೂ ಸಿಗುತ್ತದೆ, ಅಂಟಿಸುವ ಗೆರೆಯೂ ಸುರುಳಿಯಲ್ಲಿ ಸಿಗುತ್ತದೆ. ಸಿಗದಿರುವುದು ಗೆರೆ ಎಳೆಯುವ ಕೈ.

ಕೊನೆಯದಾಗಿ ಒಂದು ಕಾರಿನ ಕಥೆ. 1951ರ ಮರ್ಕ್ಯುರಿ ಕಾರೊಂದನ್ನು ಬ್ಯಾರಿಸ್ ಸೋದರರು 1952ರಲ್ಲಿ ಹಸಿರು ಬಣ್ಣದ ಸುಂದರಿಯನ್ನಾಗಿ ಮಾಡಿದರು. ‘ಹಿರೋಹಾಟಾ ಮರ್ಕ್’ ಎಂದು ಅದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಅದರ ಹೊಸತನ ಮಾಸಿತು. 1959ರಲ್ಲಿ ಹದಿಹರೆಯದ ಹುಡುಗನೊಬ್ಬ ಅದನ್ನು 500 ಡಾಲರಿಗೆ ಕೊಂಡ. ದಶಕಗಟ್ಟಲೆ ಮಾರದೆ ಇಟ್ಟುಕೊಂಡು, ಮುಂದೆ ಮೊದಲಿನ ರೂಪಕ್ಕೆ ತಂದ. ಆತ ತೀರಿಕೊಂಡ ಬಳಿಕ, 2022ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 20 ಲಕ್ಷ ಡಾಲರ್!

ಆ ಹಳೆ ಕಾರನ್ನು ಮನೆಗೆ ತಂದ ದಿನ ಇಷ್ಟು ಬೆಲೆಯನ್ನು ಯಾರು ಊಹಿಸಿದ್ದರು? ಮಗನ ಕೈಯಲ್ಲಿ ಗ್ರೀಸ್ ಕಂಡು ಮುಖ ಸಿಂಡರಿಸುವ ಮುನ್ನ, ಆ ಕೈ ಏನು ಕಲಿಯುತ್ತಿದೆ ಎಂದು ಒಮ್ಮೆ ಕೇಳಿ ನೋಡಬಹುದು.