ತಂತಿಕಂಬದ ಪಿಂಗಾಣಿ ಬಟ್ಟಲು

ರೈಲಿನ ಕಿಟಕಿಯ ಬಳಿ ಕುಳಿತು, ಹಿಂದಕ್ಕೆ ಓಡುವ ತಂತಿಕಂಬಗಳನ್ನು ಎಣಿಸದ ಮಗು ಹಿಂದಿನ ಕಾಲದಲ್ಲಿ ಇದ್ದಿರಲಾರದು. ಗದಗಿನಿಂದ ಬಾದಾಮಿ, ಬಾಗಲಕೋಟೆಗಳ ಮಾರ್ಗವಾಗಿ ಹೋಟಗಿಗೆ ಸಾಗುವ ರೈಲುಹಾದಿ ಸಿದ್ಧವಾದದ್ದು 1880ರ ದಶಕದಲ್ಲಿ. ಹಳಿಯ ಜೊತೆಗೆ ತಂತಿಯೂ ಬಂದಿತು. ಕಂಬದ ನೆತ್ತಿಯ ಮೇಲೆ ಬೋರಲು ಹಾಕಿದ ಬಟ್ಟಲಿನಂತಹ ಬಿಳಿಯ ವಸ್ತುವೂ ಬಂದಿತು. ಮಗು ಕಂಬವನ್ನು ಎಣಿಸಿತೇ ಹೊರತು, ಬಟ್ಟಲು ಅಲ್ಲಿ ಏಕಿದೆಯೆಂದು ಕೇಳಿದ್ದು ಕಡಮೆ.

ಅದರ ಹೆಸರು ಇನ್ಸುಲೇಟರ್. ತಂತಿಯಲ್ಲಿ ಹರಿಯುವ ವಿದ್ಯುತ್ತು ಕಂಬಕ್ಕೆ ಇಳಿದು ನೆಲದ ಪಾಲಾಗದಂತೆ ತಡೆಯುವುದು ಅದರ ಕೆಲಸ. ಮಳೆಯಲ್ಲಿ ತೊಯ್ದ ಮೈಮೇಲಿಂದ ವಿದ್ಯುತ್ತು ಜಾರಿ ಹೋಗಬಹುದಷ್ಟೆ! ಅದಕ್ಕಾಗಿಯೇ ಬಟ್ಟಲಿನೊಳಗೆ ಮತ್ತೊಂದು ಬಟ್ಟಲಿನಂತಹ ಅಂಚು. ಹೊರಮೈ ನೆನೆದರೂ ಒಳಮೈ ಒಣಗಿರುವುದು. ಬಿಳಿಜೇಡಿ, ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ಗಳ ಪುಡಿಯನ್ನು ಕಲಸಿ, ಅಚ್ಚು ಮಾಡಿ, ಮೆರುಗು ಬಳಿದು, ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟಾಗ ಈ ಪಿಂಗಾಣಿ ಹುಟ್ಟುತ್ತದೆ.

ಅಂಚೆಚೀಟಿ, ನಾಣ್ಯಗಳಂತೆ ಇದನ್ನೂ ಕೂಡಿಡುವ ಹವ್ಯಾಸಿಗಳಿದ್ದಾರೆ. ಅಮೆರಿಕದಲ್ಲಿ 1973ರಲ್ಲಿಯೇ ಅವರ ರಾಷ್ಟ್ರೀಯ ಸಂಘ ಸ್ಥಾಪನೆಗೊಂಡಿತು. ಅಲ್ಲಿ ಗಾಜಿನ ಇನ್ಸುಲೇಟರುಗಳಿಗೆ ಮನ್ನಣೆ ಹೆಚ್ಚು. ನೀಲಿಹಸಿರು, ಕಡುನೀಲಿ, ಜೇನುಬಣ್ಣ ಎಂದು ಅವುಗಳಲ್ಲಿ ನಾನಾ ವಿಧ. ಗಾಜನ್ನು ತಿಳಿಯಾಗಿಸಲು ಬೆರೆಸಿದ ಮ್ಯಾಂಗನೀಸು ವರ್ಷಗಟ್ಟಲೆ ಬಿಸಿಲುಂಡು ನೇರಳೆ ಬಣ್ಣ ತಾಳುವುದುಂಟು!

ನಮ್ಮ ನಾಡಿನಲ್ಲಿಯೂ ಈ ವಸ್ತುವಿಗೆ ಹಿರಿಯ ಚರಿತ್ರೆಯಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ದಾರಿಯುದ್ದಕ್ಕೂ ಆ ಶಕ್ತಿಯನ್ನು ನೆಲಕ್ಕೆ ಸೋರಗೊಡದೆ ಕಾದವು ಇನ್ಸುಲೇಟರುಗಳೇ. 1930ರ ದಶಕದಲ್ಲಿ ಮೈಸೂರು ಸರಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ತೆರೆಯಿತು. 1970ರ ದಶಕದಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಕೈ ಸೇರಿತು.

ಆದರೆ ಹಳೆಯ ಪಿಂಗಾಣಿಗೆ ಒಂದು ದುರದೃಷ್ಟವಿದೆ. ತಾಮ್ರಕ್ಕೂ ಕಬ್ಬಿಣಕ್ಕೂ ಗುಜರಿಯಲ್ಲಿ ತೂಕದ ಬೆಲೆಯುಂಟು. ಗಾಜನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಒಮ್ಮೆ ಸುಟ್ಟ ಪಿಂಗಾಣಿ ಮರಳಿ ಮಣ್ಣಾಗದು. ಒಳಗಿನ ಕಬ್ಬಿಣದ ಸರಳಿಗಾಗಿ ಬಟ್ಟಲನ್ನು ಒಡೆದು ಎಸೆಯುವುದೇ ಸುಲಭ. 2013ರ ಜುಲೈನಲ್ಲಿ ದೇಶದ ತಂತಿ ಸೇವೆಯೂ ನಿಂತಿತು. ಒಡೆದ ಚೂರುಗಳೊಡನೆ ಒಂದು ಯುಗದ ಗುರುತೇ ಕಸದ ಪಾಲಾಗುತ್ತದೆ.

ಕಲಾದಗಿಯ ಸೀಮೆಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ದಾಳಿಂಬೆಗೆ ಹೆಸರಾದ, ಘಟಪ್ರಭೆಯ ದಂಡೆಯ ಈ ಊರು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯ ಪಟ್ಟಣ; 1880ರ ದಶಕದಲ್ಲಿ ಆ ಪದವಿ ವಿಜಾಪುರಕ್ಕೆ ಹೋಯಿತು. ಮುಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಸಂದು, ನವನಗರ ಮೇಲೆದ್ದಿತು. ಮನೆ ಬಿಚ್ಚುವವರು ತೊಲೆ, ಬಾಗಿಲುಗಳನ್ನು ಜೋಪಾನವಾಗಿ ಇಳಿಸುತ್ತಾರೆ. ಗೋಡೆಯ ಪಿಂಗಾಣಿ ಫ್ಯೂಸು ಯಾರಿಗೆ ನೆನಪಾದೀತು? ಊರೇ ನೆಲೆ ಬದಲಿಸಿದ ಸೀಮೆಯಲ್ಲಿ, ‘ಇದು ಇಂತಹ ಓಣಿಯಲ್ಲಿತ್ತು’ ಎಂಬ ಒಂದು ಚೀಟಿಯೇ ಸಾಕ್ಷಿಯಾದೀತು.

ಆದುದರಿಂದ ಈ ಹವ್ಯಾಸದಲ್ಲಿ ವಸ್ತುವಿಗಿಂತ ಚೀಟಿ ದೊಡ್ಡದು. ಸಿಕ್ಕಿದ ಸ್ಥಳ, ದಿನಾಂಕ, ಮೈಮೇಲಿನ ಮುದ್ರೆ—ಇವಿಷ್ಟನ್ನು ಬರೆದಿಟ್ಟರೆ ಬಟ್ಟಲು ಇತಿಹಾಸವಾಗುತ್ತದೆ. ಬರೆಯದಿದ್ದರೆ ಬರಿಯ ಬಟ್ಟಲಾಗಿಯೇ ಉಳಿಯುತ್ತದೆ. ನಿಂತ ಕಂಬಕ್ಕೆ ಕೈಹಾಕುವುದು ಮಾತ್ರ ಎಂದಿಗೂ ಸಲ್ಲದು: ಅದು ಶಿಕ್ಷಾರ್ಹ ಅಪರಾಧ, ಪ್ರಾಣಕ್ಕೂ ಎರವು. ಗುಜರಿ ಅಂಗಡಿಯ ಮೂಲೆ, ಬಿಚ್ಚಿದ ಮನೆಯ ಹಿತ್ತಿಲುಗಳಲ್ಲಿ, ಒಡೆಯರ ಒಪ್ಪಿಗೆ ಪಡೆದು ಹುಡುಕಿದರೆ ಸಾಕು.

ಮಳೆ, ಬಿಸಿಲುಗಳಲ್ಲಿ ನಿಂತು ಸಾವಿರಾರು ಮನೆಗಳ ಸುಖದುಃಖದ ತಂತಿಯನ್ನು ಹೊತ್ತ ವಸ್ತುವಿದು. ಮನೆಯ ಗೂಡಿನಲ್ಲಿ ಒಂದು ಗೇಣು ಜಾಗ ಅದಕ್ಕೆ ಹೆಚ್ಚಾಗದು.