ಗಟ್ಟಿಯಾದ ಸಿಮೆಂಟಿಗೂ ನೀರಿನ ಭಯವೇ?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸಾಕು, ಶಿಕಾರಿಪುರ, ಸೊರಬದ ಕಡೆಯ ಗೃಹಿಣಿಯರಿಗೆ ಹೊಸದೊಂದು ಕೆಲಸ ಹಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತಲೆಯೆತ್ತಿ ಛಾವಣಿ ನೋಡುವುದು! ನಿನ್ನೆಯ ಒದ್ದೆ ಕಲೆ ಇವತ್ತು ಎಷ್ಟು ದೊಡ್ಡದಾಯಿತು, ಮಂಚ ಸರಿಸಬೇಕಾ, ಬಕೆಟ್ ಎಲ್ಲಿಡಬೇಕು ಎಂಬುದೇ ಚಿಂತೆ. "ಹಂಚಿನ ಮನೆಯೇ ವಾಸಿಯಾಗಿತ್ತು, ಒಡೆದ ಹಂಚು ಬದಲಿಸಿದ್ರೆ ಮುಗೀತಿತ್ತು" ಎಂದು ಅತ್ತೆಯವರ ಗೊಣಗಾಟ ಬೇರೆ. ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ತಾರಸಿ ಮನೆಯ ಸಿಮೆಂಟು ನೀರಿಗೆ ಕರಗಿ ಹೋಗುತ್ತಿದೆಯೇನೋ ಎಂಬ ಗಾಬರಿ ನಿಮಗೆ.

ಗಾಬರಿ ಬೇಡ. ಸರಿಯಾಗಿ ಗಟ್ಟಿಯಾದ ಸಿಮೆಂಟು ಮಳೆ ನೀರಿಗೆ ಸಕ್ಕರೆಯಂತೆ ಕರಗುವುದಿಲ್ಲ. ಹಾಗಂತ ಸುಮ್ಮನೆ ಕೂರುವಂತೆಯೂ ಇಲ್ಲ. ಆ ನೀರಿನಿಂದ ಕೆಡುವುದು ಬೇರೆಯೇ ಇದೆ.

ಮೊದಲು ಸ್ನೇಹಿತ

ಸಿಮೆಂಟು 'ಒಣಗಿ' ಗಟ್ಟಿಯಾಗುತ್ತದೆ ಎಂದೇ ನಮ್ಮಲ್ಲಿ ಅನೇಕರು ತಿಳಿದಿರುತ್ತೇವೆ. ನಿಜವಾಗಿ ಅದು ಗಟ್ಟಿಯಾಗುವುದು ನೀರಿನ ಜೊತೆ ಸೇರಿ. ಪುಡಿ ಮತ್ತು ನೀರು ಸೇರಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದ ಕಲ್ಲಿನಂಥ ಹೊಸ ಪದಾರ್ಥ ಹುಟ್ಟುತ್ತದೆ. ನಡುವೆ ನೀರು ಆರಿಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕ್ಯೂರಿಂಗ್ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಎರಡು ವಾರ ಇಟ್ಟರೆ ಇನ್ನೂ ಒಳ್ಳೆಯದು. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನ. ಅದಾದ ಮೇಲೂ ತೇವ ಸಿಕ್ಕಿದರೆ ನಿಧಾನವಾಗಿ ಬಲ ಏರುತ್ತಲೇ ಇರುತ್ತದೆ.

ನೀರಿನಲ್ಲೇ ನಿಂತ ಗಾರೆಯನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೆ, 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಶರಾವತಿಯಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ, ಜನ ನೋಡಲು ಹೋಗುತ್ತಾರೆ. ಇಷ್ಟು ವರ್ಷ ಮುಳುಗಿದ್ದರೂ ಕಟ್ಟೆ ಕರಗಿಲ್ಲ!

ಹಾಗಾದರೆ ಬಿಳಿ ಗೆರೆ ಏನು?

ಛಾವಣಿಯ ಬಿರುಕಿನುದ್ದಕ್ಕೂ ಬಿಳಿ ಗೆರೆ, ಕೆಲವು ಕಡೆ ಇಳಿಬಿದ್ದ ಸಣ್ಣ ಬಿಳಿ ಕಡ್ಡಿಗಳು. "ಗೋಡೆಗೆ ಉಪ್ಪು ಹತ್ತಿದೆ" ಎನ್ನುತ್ತೇವಲ್ಲ, ಛಾವಣಿಯಲ್ಲಿ ಅದು ಬಹುಪಾಲು ಸುಣ್ಣವೇ. ಗಟ್ಟಿಯಾದ ಸಿಮೆಂಟಿನೊಳಗೆ ಸ್ವಲ್ಪ ಸುಣ್ಣ ಉಳಿದಿರುತ್ತದೆ. ಬಿರುಕಿನಲ್ಲಿ ಹರಿಯುವ ಮಳೆ ನೀರು ಅದನ್ನು ಕರಗಿಸಿಕೊಂಡು ಹೊರಬರುತ್ತದೆ, ಗಾಳಿ ತಾಗಿ ಬಿಳಿಯಾಗಿ ಗಟ್ಟಿಯಾಗುತ್ತದೆ. ಕೂದಲೆಳೆಯಂಥ ಬಿರುಕಾದರೆ ಇದೇ ಸುಣ್ಣ ಅದನ್ನು ತುಂಬಿ ಮುಚ್ಚಿಬಿಡುವುದೂ ಉಂಟು. ಆದರೆ ಪ್ರತಿ ಮಳೆಗಾಲದಲ್ಲೂ ಗೆರೆ ಬೆಳೆಯುತ್ತಿದ್ದರೆ, ನೀರು ಅಲ್ಲಿ ದಾರಿ ಮಾಡಿಕೊಂಡಿದೆ ಎಂದೇ ಅರ್ಥ.

ಇನ್ನೊಂದು ವಿಷಯ. ಸಿಮೆಂಟು ನೆನೆದಾಗ ಒಂದಿಷ್ಟೇ ಇಷ್ಟು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲವಿಡೀ ನೆನೆದು ಬೇಸಿಗೆಯಲ್ಲಿ ಕಾದು, ಹೀಗೆ ವರ್ಷ ವರ್ಷವೂ ಆಗಿ ಪ್ಲಾಸ್ಟರಿನಲ್ಲಿ ಸಣ್ಣ ಬಿರುಕು ಏಳುತ್ತವೆ. ಚಂದ್ರಗುತ್ತಿ ಕಡೆ ಮಳೆ ಜಾಸ್ತಿ, ಶಿಕಾರಿಪುರದ ಕಡೆಗೆ ಬಂದರೆ ಕಡಿಮೆ. ಆದರೆ ಈ ನೆನೆದು ಒಣಗುವ ಆಟ ಎರಡೂ ಕಡೆ ತಪ್ಪಿದ್ದಲ್ಲ.

ಅಪಾಯ ಕಂಬಿಗೆ

ತಾರಸಿಯ ಬಲ ಇರುವುದು ಒಳಗಿನ ಕಬ್ಬಿಣದ ಕಂಬಿಯಲ್ಲಿ. ಸಿಮೆಂಟಿನ ಸುಣ್ಣದ ಗುಣವೇ ಕಂಬಿಗೆ ತುಕ್ಕು ಬರದಂತೆ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮೇಲಿನಿಂದ ಈ ಗುಣವನ್ನು ಕಡಿಮೆ ಮಾಡುತ್ತಾ ಬರುತ್ತದೆ. ಬಿರುಕಿದ್ದರೆ ಅಥವಾ ಕಂಬಿಯ ಕೆಳಗೆ ಕಾಂಕ್ರೀಟು ತೆಳುವಾಗಿದ್ದರೆ ಅದು ಬೇಗ ಕಂಬಿಗೆ ತಲುಪುತ್ತದೆ. ಆಮೇಲೆ ನೀರೂ ಗಾಳಿಯೂ ಸೇರಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ತಿನ್ನುತ್ತದೆ. ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ. ಮಗು ಮಲಗಿದ ತೊಟ್ಟಿಲ ಮೇಲೆ, ಅಡುಗೆ ಮಾಡುವವರ ತಲೆ ಮೇಲೆ ಗಾರೆಯ ಚಕ್ಕೆ ಬೀಳುವುದು ಹೀಗೇ.

ಆದ್ದರಿಂದ ಬಿಳಿ ಕಲೆ ಕಂಡರೆ ಎಚ್ಚರ ವಹಿಸಿ. ಕಂದು ಕಲೆ ಕಂಡರೆ, ಕೋಲಿನಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ತಡ ಮಾಡದೆ ಇಂಜಿನಿಯರ್ ಕರೆಸಿ. ಅಲ್ಲಿಯವರೆಗೆ ಆ ಜಾಗದ ಕೆಳಗೆ ಯಾರೂ ಮಲಗುವುದು ಬೇಡ.

ನೀವೇನು ಮಾಡಬಹುದು?

* ಒದ್ದೆ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಕಲೆ ಬೆಳೆಯುತ್ತಿದೆಯೋ ಇಲ್ಲವೋ ಎಂದು ಮೇಸ್ತ್ರಿಗೆ ತೋರಿಸಲು ಇದಕ್ಕಿಂತ ಸಾಕ್ಷಿ ಬೇಡ.
* ಒಳಗಿನಿಂದ ಬಣ್ಣ ಬಳಿದು ಕಲೆ ಮುಚ್ಚಬೇಡಿ. ನೀರು ಬರುವುದು ಮೇಲಿನಿಂದ, ರಿಪೇರಿಯೂ ಮೇಲೆಯೇ ಆಗಬೇಕು. ಒದ್ದೆ ಗೋಡೆಗೆ ಆಯಿಲ್ ಪೇಂಟ್ ಹೊಡೆಸಿದರೆ ಗುಳ್ಳೆ ಎದ್ದು ಉದುರುತ್ತದೆ.
* ತಾರಸಿಯಲ್ಲಿ ನೀರು ನಿಲ್ಲಬಾರದು. ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಇರಲಿ. ಮಳೆಗೆ ಮುಂಚೆ ಪೈಪಿನ ಬಾಯಿಯ ಎಲೆ, ಕಸ, ಪಾಚಿ ತೆಗೆಸಿ.
* ಡಿಶ್ ಆಂಟೆನಾ, ಚಪ್ಪರದ ಕಂಬ ಎಂದು ತಾರಸಿಗೆ ತೂತು ಹೊಡೆಸುವ ಮುನ್ನ ಎರಡು ಸಲ ಯೋಚಿಸಿ. ಹೂಕುಂಡಗಳನ್ನು ಸ್ಟ್ಯಾಂಡ್ ಮೇಲಿಡಿ, ಕೆಳಗೆ ಗಾಳಿಯಾಡಲಿ.
* ವಾಟರ್‌ಪ್ರೂಫಿಂಗ್ ಒಣಗಿದ ತಾರಸಿಗೇ ಮಾಡಿಸಬೇಕು. ಅಡಿಕೆ ಒಣಗಿಸುವ ಕೆಲಸ ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿಸಿದರೆ ಅನುಕೂಲ.
* ನೆನೆದ ಗೋಡೆಯ ಸ್ವಿಚ್ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಬಚ್ಚಲು, ತೊಟ್ಟಿಯ ಕಡೆಗೂ ಗಮನ

ಬರಿಯ ನೀರಿಗೆ ಬಗ್ಗದ ಸಿಮೆಂಟು ಹುಳಿಗೆ ಸೋಲುತ್ತದೆ. ಪಾತ್ರೆ ತೊಳೆಯುವ ಜಾಗದಲ್ಲಿ ಮಜ್ಜಿಗೆ, ಹುಣಸೆ ನೀರು ದಿನಾ ಬಿದ್ದರೆ ಸಿಮೆಂಟು ಸವೆದು ಮರಳು ಏಳುತ್ತದೆ. ಹುಳಿ ಚೆಲ್ಲಿದ ಕೂಡಲೇ ಧಾರಾಳವಾಗಿ ನೀರು ಹೊಯ್ಯಿರಿ. ಬಿಳಿ ಕಲೆ ಹೋಗಲೆಂದು ಬಚ್ಚಲಿಗೆ ಆ್ಯಸಿಡ್ ಸುರಿಯುವುದಂತೂ ಬೇಡವೇ ಬೇಡ. ಕಲೆಯ ಜೊತೆ ಟೈಲ್ಸ್ ಸಂದಿನ ಸಿಮೆಂಟೂ ಹೋಗಿ, ಅಲ್ಲಿಂದ ಕೆಳಗಿನ ಕೋಣೆಗೆ ನೀರು ಇಳಿಯುತ್ತದೆ.

ಹೊಸ ಸಿಮೆಂಟ್ ತೊಟ್ಟಿ ಕಟ್ಟಿಸಿದ್ದರೆ ಮೊದಲ ನೀರನ್ನು ಕುಡಿಯಬೇಡಿ, ಅಡುಗೆಗೂ ಬೇಡ. ಅದಕ್ಕೆ ಸುಣ್ಣ ಬಿಟ್ಟುಕೊಂಡಿರುತ್ತದೆ. ಕೆಲವು ದಿನ ನೀರು ತುಂಬಿಟ್ಟು ಚೆಲ್ಲಿ, ಹೀಗೆ ಮೂರ್ನಾಲ್ಕು ಸಲ ಮಾಡಿ ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಬಳಸಿ. ಮೀನು ಬಿಡುವ ತೊಟ್ಟಿಗೂ ಇದೇ ನಿಯಮ. ಇಲ್ಲದಿದ್ದರೆ ಮೀನು ಸಾಯುತ್ತವೆ.

ಮನೆ ಕಟ್ಟಿಸುತ್ತಿದ್ದೀರಾ? ಹಾಗಾದರೆ ಸ್ಲ್ಯಾಬ್ ಹಾಕುವ ದಿನ ಮೇಸ್ತ್ರಿಯನ್ನು ಎರಡು ಮಾತು ಕೇಳಲು ಹಿಂಜರಿಯಬೇಡಿ. ಒಂದು, ಕಂಬಿ ಹಲಗೆಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ? ಸ್ಲ್ಯಾಬಿಗೆ ಕನಿಷ್ಠ 20 ಮಿಲಿಮೀಟರ್ ಬೇಕು, ಮಳೆ ಹೆಚ್ಚಿರುವ ಕಡೆ ಇನ್ನಷ್ಟು. ಎರಡು, ಕ್ಯೂರಿಂಗಿಗೆ ನೀರು ನಿಲ್ಲಿಸುವವರು ಯಾರು? ಕೆಲಸದವರು ಬರದ ಭಾನುವಾರ, ಹಬ್ಬದ ದಿನ ಆ ನೀರು ತಪ್ಪುತ್ತದೆ. ಅವತ್ತು ನೀವೇ ಮೇಲೆ ಹತ್ತಿ ನೋಡಿ. ಮೊದಲ ಎರಡು ವಾರ ಸಿಮೆಂಟಿಗೆ ಕೇಳಿದಷ್ಟು ನೀರು ಕೊಟ್ಟರೆ, ಮುಂದಿನ ಮಳೆಗಾಲಗಳಲ್ಲಿ ಬಕೆಟ್ ಇಡುವ ಕೆಲಸ ಬಹಳಷ್ಟು ತಪ್ಪುತ್ತದೆ.