ಮರಳಿ ಮರಳಿ ಬರುವ ನ್ಯುಮೋನಿಯಾ

ಕಾರ್ತಿಕದಲ್ಲಿ ಬಸವನಗುಡಿಯ ಪರಿಷೆಯಿಂದ ರಾಜಾಜಿನಗರ, ವಿಜಯನಗರದ ಮನೆಗಳಿಗೂ ಬರುವ ಕಡಲೆಕಾಯಿಗೂ ಕೂಸಿನ ನ್ಯುಮೋನಿಯಾಕ್ಕೂ ನಂಟುಂಟೆಂದರೆ ಗೃಹಿಣಿಯರು ನಕ್ಕಾರು. ನಂಟು ದಿಟವಾದುದೇ. ದವಡೆಹಲ್ಲು ಬಾರದ ಮಗು ನಗುತ್ತಲೋ ಅಳುತ್ತಲೋ ತಿಂದ ಬೀಜ ಶ್ವಾಸನಾಳಕ್ಕೆ ಜಾರುವುದುಂಟು. ಬಲಗವಲು ಅಗಲವೂ ನೇರವೂ ಆದುದರಿಂದ ಹೆಚ್ಚಾಗಿ ಅಲ್ಲಿಯೇ ತಂಗುತ್ತದೆ. ಕೆಮ್ಮು ಒಮ್ಮೆ ಉಕ್ಕಿ ಅಡಗುತ್ತದೆ. ನೆತ್ತಿಗೇರಿತೆಂದು ತಲೆ ತಟ್ಟಿದ ತಾಯಿ ಅದನ್ನು ಮರೆತುಬಿಡುತ್ತಾಳೆ. ಬೀಜದ ಹಿಂದೆ ಕಫ ಕಟ್ಟಿ ಜ್ವರ ಏರುತ್ತದೆ. ಔಷಧಿಗೆ ಇಳಿದು, ಕೆಲವು ವಾರಗಳಲ್ಲಿ ಅದೇ ಎಡೆಯಲ್ಲಿ ಮತ್ತೆ ನ್ಯುಮೋನಿಯಾ. ಎಕ್ಸ್‌ರೇಯಲ್ಲಿ ಬೀಜ ಸಾಮಾನ್ಯವಾಗಿ ಕಾಣದು.

ಬೇನೆ ಬೇರೆ ಬೇರೆ ಎಡೆಗಳಲ್ಲಿ ಮರುಕಳಿಸಿದರೆ ಹುಟ್ಟಿನ ಹೃದಯದೋಷ, ಆಸ್ತಮಾ, ರೋಗನಿರೋಧಕ ಶಕ್ತಿಯ ಕೊರತೆಗಳನ್ನು ಶೋಧಿಸಬೇಕು. ದೃಷ್ಟಿ ತೆಗೆದು ಕೂರುವುದು ಸಲ್ಲದು.

1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಕೊಳವೆಯಿಳಿಸಿ ರೈತನೊಬ್ಬನ ಶ್ವಾಸನಾಳದಿಂದ ಎಲುಬಿನ ಚೂರನ್ನು ತೆಗೆದನು. ಇಂದು ಬ್ರಾಂಕೋಸ್ಕೋಪಿನಿಂದ ಬೀಜವನ್ನೂ ತೆಗೆಯಬಹುದು. ಅದಕ್ಕೆ ಮೊದಲು ವೈದ್ಯರು ಕೇಳುವುದು ಒಂದೇ ಮಾತು: “ತಿನ್ನುವಾಗ ಎಂದಾದರೂ ಉಸಿರು ಕಟ್ಟಿತ್ತೇನಮ್ಮಾ?”